ಖಡಿ, ಬಳಪ ಮತ್ತು ಸಾಬೂನು ಕಲ್ಲು

ಉಗುರಿನಿಂದ ಗೀರಿದರೂ ಪುಡಿ ಉದುರುವಷ್ಟು ಮೆತ್ತಗಿನ ಕಲ್ಲೊಂದಿದೆ. ಕೈಯಲ್ಲಿ ಹಿಡಿದರೆ ನುಣ್ಣಗೆ ಜಾರುತ್ತದೆ. ಕಪ್ಪು ಹಲಗೆಯ ಮೇಲೆ ಎಳೆದರೆ ಬಿಳಿ ಗೆರೆ ಮೂಡುತ್ತದೆ. ಇಂಗ್ಲಿಷಿನವರು ಇದನ್ನು ಸೋಪ್‌ಸ್ಟೋನ್ ಎಂದರು, ಅಂದರೆ ಸಾಬೂನಿನ ಕಲ್ಲು. ಒಡಿಶಾದವರು ಖಡಿಪಥರ ಎಂದರು. ಖಡಿ ಎಂದರೆ ಬರೆಯುವ ಬಿಳಿ ತುಂಡು, ಪಥರ ಎಂದರೆ ಕಲ್ಲು. ನಾವು ಬಳಪದ ಕಲ್ಲು ಎಂದೆವು. ಕಲ್ಲು ಒಂದೇ, ಹೆಸರು ಮೂರು. ಹೆಸರಿನಲ್ಲೇನಿದೆ ಅಂತ ಕೇಳುವವರಿದ್ದಾರೆ. ಈ ಕಲ್ಲಿನ ಮಟ್ಟಿಗೆ ಹೆಸರಿನಲ್ಲಿ ಒಂದು ನಾಡಿನ ಶಾಲೆ, ದೇವಸ್ಥಾನ, ಲೆಕ್ಕಪತ್ರ ಎಲ್ಲವೂ ಇದೆ ಎನ್ನುವುದನ್ನು ನಾನು ತಿಳಿದದ್ದು ಊರು ಬಿಟ್ಟು ದೂರ ಹೋದ ಮೇಲೆ.

1980ರ ದಶಕದ ಕೊನೆಯ ಕೆಲವು ವರ್ಷ ನಾನು ಬ್ಯಾಂಕಿನ ಕೆಲಸದ ಮೇಲೆ ಒಡಿಶಾದಲ್ಲಿದ್ದೆ. ಆಗ ಅದನ್ನು ಒರಿಸ್ಸಾ ಎಂದೇ ಬರೆಯುತ್ತಿದ್ದೆವು. ಭೂವಿಜ್ಞಾನ ಓದಿದವನಲ್ಲ, ಭಾಷಾಶಾಸ್ತ್ರವೂ ನನ್ನದಲ್ಲ, ಓದಿದ್ದು ಎಂ.ಕಾಂ. ಆದರೆ ಸಾಲದ ಅರ್ಜಿಯಲ್ಲಿ ಕಚ್ಚಾ ಮಾಲು ಎಂಬ ಕಾಲಂ ಇರುತ್ತದಲ್ಲ, ಅದನ್ನು ತುಂಬುವಾಗ ಪದದ ಅರ್ಥ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಇಂಗ್ಲಿಷಿನ ಕಡೆಯಿಂದ ಬರೋಣ.

ಈ ಕಲ್ಲಿನ ಜೀವ ಟಾಲ್ಕ್ ಎಂಬ ಖನಿಜ. ಮೆಗ್ನೀಷಿಯಂ, ಸಿಲಿಕಾ ಮತ್ತು ನೀರಿನ ಅಂಶ ಸೇರಿ ಆದದ್ದು. ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅದರ ಪದರಗಳಿರುತ್ತವೆ. ಪದರಕ್ಕೂ ಪದರಕ್ಕೂ ನಡುವೆ ಹಿಡಿತ ಕಡಿಮೆ, ಆದ್ದರಿಂದ ಬೆರಳಿಗೆ ಜಾರುತ್ತದೆ. 1812ರಲ್ಲಿ ಫ್ರೀಡ್ರಿಶ್ ಮೋಸ್ ಎಂಬ ಜರ್ಮನ್ ವಿದ್ವಾಂಸ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟಾಗ ವಜ್ರಕ್ಕೆ 10 ಸಿಕ್ಕಿತು, ಟಾಲ್ಕಿಗೆ 1. ನಮ್ಮ ಉಗುರಿಗೇ ಸುಮಾರು ಎರಡೂವರೆ ಅಂಕ ಬೀಳುತ್ತದೆ. ತರಗತಿಯಲ್ಲಿ ಕಡೆಯ ಬೆಂಚಿನ ಹುಡುಗ ಅಂತಾರಲ್ಲ, ಹಾಗೆ.

ಟಾಲ್ಕ್ ಎಂಬ ಹೆಸರು ಅರಬ್ಬಿಯ ತಲ್ಕ್ ಎಂಬ ಪದದಿಂದ ಬಂದದ್ದು. ಅರಬ್ಬಿಯಲ್ಲಿ ಆ ಪದಕ್ಕೆ ಅಭ್ರಕ, ಅಂದರೆ ನಮ್ಮ ಕಾಗೆಬಂಗಾರವೂ ಸೇರುತ್ತಿತ್ತು. ಹೊಳೆಯುವ, ಪದರ ಬಿಡುವ ಕಲ್ಲಿಗೆಲ್ಲ ಆ ಹೆಸರು ಸಲ್ಲುತ್ತಿತ್ತು. ಇದೇ ಖನಿಜ ಗಟ್ಟಿಯಾಗಿ ಒತ್ತೊತ್ತಾಗಿ ಸಿಕ್ಕಿದಾಗ ಸ್ಟಿಯಟೈಟ್ ಎನ್ನುತ್ತಾರೆ. ಅದು ಗ್ರೀಕ್ ಮೂಲದ ಪದ, ಕೊಬ್ಬು ಎಂದು ಅರ್ಥ. ಮುಟ್ಟಿದರೆ ಕೊಬ್ಬು ಸವರಿದಂತೆ ಇರುತ್ತದೆಂದು ಆ ಹೆಸರು. ಟಾಲ್ಕ್ ಜೊತೆಗೆ ಬೇರೆ ಖನಿಜಗಳೂ ಬೆರೆತ ಬಂಡೆಗೆ ಸೋಪ್‌ಸ್ಟೋನ್ ಎಂಬ ಹೆಸರು. ಇಲ್ಲೂ ಅಷ್ಟೆ, ಮುಟ್ಟಿದರೆ ಸಾಬೂನಿನಂತೆ ಎಂಬ ಕಾರಣ. ಗ್ರೀಕನ ಕೈಗೆ ಕೊಬ್ಬು, ಇಂಗ್ಲಿಷಿನವನ ಕೈಗೆ ಸಾಬೂನು. ಸಾಬೂನನ್ನು ಕೊಬ್ಬಿನಿಂದಲೇ ಕಾಯಿಸುತ್ತಿದ್ದರು ಎಂಬುದನ್ನು ನೆನೆದರೆ ಎರಡೂ ಒಂದೇ ಮಾತು.

ಇಂಗ್ಲಿಷಿನಲ್ಲಿ ಇದಕ್ಕೆ ಕೆಲಸದ ಮೇಲೆ ಬಂದ ಹೆಸರುಗಳೂ ಇವೆ. ಅಡುಗೆಪಾತ್ರೆ ಕಡೆಯುವ ಕಲ್ಲನ್ನು ಪಾಟ್‌ಸ್ಟೋನ್ ಎಂದರು. ಟೈಲರು ಬಟ್ಟೆಯ ಮೇಲೆ ಅಳತೆ ಗುರುತು ಹಾಕುವ ತುಂಡನ್ನು ಫ್ರೆಂಚ್ ಚಾಕ್ ಎಂದರು. ಅದು ಚಾಕ್ ಅಲ್ಲ, ಟಾಲ್ಕ್. ಅಂದರೆ ಅಡುಗೆಮನೆಯಲ್ಲಿ, ಟೈಲರಿನ ಅಂಗಡಿಯಲ್ಲಿ ಇಂಗ್ಲಿಷರಿಗೂ ಕಲ್ಲಿನ ಉಪಯೋಗ ಕಣ್ಣಿಗೆ ಬಿದ್ದಿತ್ತು. ಆದರೆ ಪುಸ್ತಕಕ್ಕೆ, ನಕ್ಷೆಗೆ, ಕಾನೂನಿಗೆ ಹತ್ತಿದ್ದು ಸಾಬೂನಿನ ಹೆಸರೇ.

ಈಗ ಒಡಿಶಾಕ್ಕೆ ಬನ್ನಿ. ಖಡಿ ಎಂದು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ಅದು ಖೊಡಿ. ಒಡಿಯಾದಲ್ಲಿ ಅಕಾರವನ್ನು ಒಕಾರದಂತೆ ಉಚ್ಚರಿಸುತ್ತಾರೆ, ಮತ್ತು ನಮ್ಮ ಹಾಗೆಯೇ ಪದದ ಕೊನೆಯ ಸ್ವರವನ್ನು ನುಂಗುವುದಿಲ್ಲ. ಹಿಂದಿಯವರು ಪತ್ಥರ್ ಎಂದು ನಿಲ್ಲಿಸಿದರೆ ಒಡಿಯಾದವರು ಪೊಥೊರೊ ಎಂದು ಪೂರ್ತಿ ಹೇಳುತ್ತಾರೆ. ಕನ್ನಡದ ಕಿವಿಗೆ ಇದು ಬಹಳ ಹಿತ. ಖಡಿಯಲ್ಲಿರುವ ಡಕಾರಕ್ಕೆ ಕೆಳಗೊಂದು ಚುಕ್ಕೆಯಿದೆ. ನಾಲಿಗೆ ಮೇಲೆ ತಾಗಿ ಕೆಳಗೆ ಬಡಿಯುವ ಸದ್ದು ಅದು. ಇಂಗ್ಲಿಷಿನವರ ನಾಲಿಗೆಗೆ ಅದು ಒಗ್ಗಲಿಲ್ಲ. ಆದ್ದರಿಂದಲೇ ಒಡಿಶಾ ಒರಿಸ್ಸಾ ಆಯಿತು, ಒಡಿಯಾ ಒರಿಯಾ ಆಯಿತು. 2011ರಲ್ಲಿ ರಾಜ್ಯದ ಹೆಸರು ಬದಲಾಯಿತು, ಸಂವಿಧಾನದ 96ನೇ ತಿದ್ದುಪಡಿಯಿಂದ ಎಂಟನೇ ಅನುಸೂಚಿಯಲ್ಲಿ ಭಾಷೆಯ ಹೆಸರೂ ಸರಿಯಾಯಿತು. ನಾಡಿನ ಹೆಸರಿನಲ್ಲಿರುವ ಆ ಚುಕ್ಕೆಯ ಅಕ್ಷರವೇ ಖಡಿಯಲ್ಲೂ ಇದೆ.

ಖಡಿಯ ಮೂಲ ಸಂಸ್ಕೃತದ ಖಟಿಕಾ. ಹಿಂದಿಯಲ್ಲಿ ಖಡಿಯಾ, ಮರಾಠಿಯಲ್ಲಿ ಖಡೂ, ಬಂಗಾಳಿಯಲ್ಲೂ ಖೊಡಿ. ಹುಬ್ಬಳ್ಳಿ ಧಾರವಾಡದ ಕಡೆಯವರಿಗೆ ಮಾತ್ರ ಖಡಿ ಎಂದ ಕೂಡಲೇ ರಸ್ತೆಗೆ ಹಾಕುವ ಜಲ್ಲಿ ಕಣ್ಣಮುಂದೆ ಬರುತ್ತದೆ. ಅದು ಬೇರೆ, ಇದು ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇನ್ನೊಂದು ಗೊಂದಲ: ಗಾಂಧೀಜಿಯ ಖಾದಿಯೂ ಒಡಿಯಾದ ಖಡಿಯೂ ಒಂದೇ ಥರ ಕಾಣುತ್ತವೆ.

ಒಡಿಶಾದ ಮನೆಗಳಲ್ಲಿ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವುದಕ್ಕೆ ಖಡಿ ಛುಆಂ ಎನ್ನುತ್ತಾರೆ. ಖಡಿ ಮುಟ್ಟಿಸುವುದು ಎಂದು ಅರ್ಥ. ಗಣೇಶನ ಹಬ್ಬದಲ್ಲಿ ಅಥವಾ ವಸಂತ ಪಂಚಮಿಯ ಸರಸ್ವತಿ ಪೂಜೆಯಲ್ಲಿ ಮಗುವನ್ನು ಕೂರಿಸಿ, ಕೈಗೆ ಖಡಿ ಕೊಟ್ಟು, ಕೈ ಹಿಡಿದು ಬರೆಸುತ್ತಾರೆ. ಬಂಗಾಳದಲ್ಲೂ ಹಾತೇ ಖೊಡಿ ಎಂಬ ಇದೇ ಆಚಾರವಿದೆ. ನಮ್ಮ ಕಡೆ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳಿನಿಂದ ಓಂ ಬರೆಸುತ್ತೇವಲ್ಲ, ಅಲ್ಲಿ ಅಕ್ಕಿಯ ಜಾಗದಲ್ಲಿ ಈ ಕಲ್ಲು. ವಿದ್ಯೆಯ ಮೊದಲ ಮುಟ್ಟುವಿಕೆ ಈ ಕಲ್ಲಿನದು ಎಂದರೆ ಅದಕ್ಕೆ ಆ ಸಮಾಜ ಕೊಟ್ಟ ಸ್ಥಾನ ಗೊತ್ತಾಗುತ್ತದೆ.

ಹಿಂದಿನ ಕಾಲದ ಹಳ್ಳಿ ಶಾಲೆಗೆ ಅವರು ಚಾಟಶಾಳಿ ಎನ್ನುತ್ತಿದ್ದರು, ಮೇಷ್ಟರಿಗೆ ಅವಧಾನ ಎನ್ನುತ್ತಿದ್ದರು. ಫಕೀರಮೋಹನ ಸೇನಾಪತಿ ತಮ್ಮ ಆತ್ಮಚರಿತ್ರೆಯಲ್ಲಿ ಇಂಥ ಶಾಲೆಯ ಅವಧಾನರನ್ನು ನೆನೆದಿದ್ದಾರೆ. ಮಕ್ಕಳು ನೆಲದ ಮೇಲೆ ಖಡಿಯಿಂದ ಬರೆದು ಕಲಿಯುತ್ತಿದ್ದರು. ಮೊದಲು ಬರೆಸುತ್ತಿದ್ದದ್ದು ಅಕ್ಷರವನ್ನೂ ಅಲ್ಲ, ಮೂರು ಸೊನ್ನೆಗಳನ್ನು. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು. ಒಡಿಯಾ ಲಿಪಿಯಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಮೇಲೊಂದು ಗುಂಡನೆಯ ಕೊಡೆಯಿದೆ. ಸೊನ್ನೆ ಬರೆಯಲು ಬಂದರೆ ಅರ್ಧ ಒಡಿಯಾ ಬಂದಂತೆ! ಕನ್ನಡದ ದುಂಡಕ್ಷರ ತಿದ್ದಿದವನಿಗೆ ಇದು ಹೇಳಿ ಅರ್ಥಮಾಡಿಸಬೇಕಾದ ಸಂಗತಿಯಲ್ಲ. ಎರಡೂ ಓಲೆಗರಿಯ ಮೇಲೆ ಬೆಳೆದ ಲಿಪಿಗಳು. ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ಅಕ್ಷರ ಗುಂಡಗಾಯಿತು ಎಂದು ಅಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ.

ಬರವಣಿಗೆಯಿಂದ ಖಡಿ ಲೆಕ್ಕಕ್ಕೂ ಹೋಯಿತು. ಜ್ಯೋತಿಷಿಗಳ ಹೆಸರಿನ ಜೊತೆಗೆ ಖಡಿರತ್ನ ಎಂಬ ಬಿರುದು ಇರುವುದನ್ನು ಒಡಿಯಾ ಪಂಚಾಂಗಗಳ ಮೇಲೆ ಕಾಣಬಹುದು. ಖಡಿ ಹಿಡಿದು ಗ್ರಹಗತಿ ಲೆಕ್ಕ ಹಾಕುವುದರಲ್ಲಿ ರತ್ನದಂಥವನು ಎಂದು. ಸಾಬೂನು ಎಂದು ಕರೆದಿದ್ದರೆ ಈ ಬಿರುದು ಹುಟ್ಟುತ್ತಿತ್ತೇ ಹೇಳಿ.

ಇನ್ನು ಅರ್ಜಿಯ ವಿಷಯ. ಪುರಿಯಲ್ಲಿ ಪಥುರಿಯಾ ಸಾಹಿ ಅಂತ ಒಂದು ಕೇರಿಯಿದೆ. ಸಾಹಿ ಎಂದರೆ ಕೇರಿ, ಪಥುರಿಯಾ ಎಂದರೆ ಕಲ್ಲುಕುಟಿಗ. ಮನೆಯ ಮುಂದೆ ಜಗನ್ನಾಥ, ಕೋಣಾರ್ಕದ ಚಕ್ರ, ಆನೆ, ಸಿಂಹ ಕಡೆಯುತ್ತ ಕೂತಿರುತ್ತಾರೆ. ಶಿಲ್ಪಿಗಳ ಬಾಯಲ್ಲಿ ಕಲ್ಲಿಗೆ ಒಂದೊಂದು ಹೆಸರು: ಬಿಳಿಯ ಮೆತ್ತನೆಯದು ಖಡಿಪಥರ, ಹಸಿರು ಛಾಯೆಯದು ಕೋಚಿಲ, ಕಪ್ಪಗೆ ಬಲು ಗಟ್ಟಿಯಾದದ್ದು ಮುಗುನಿ. ಅಂಥ ಒಬ್ಬ ಹಿರಿಯ ಶಿಲ್ಪಿ ಸಣ್ಣ ಸಾಲಕ್ಕೆ ಅರ್ಜಿ ಹಾಕಿದ್ದ. ಕಚ್ಚಾ ಮಾಲಿನ ಕಾಲಂನಲ್ಲಿ ಒಡಿಯಾದಲ್ಲಿ ಖಡಿಪಥರ ಎಂದು ಬರೆಸಿದ್ದ. ನಾನು ಅಲ್ಲಿಗೆ ಹೋಗುವ ಮೊದಲೇ ಅದನ್ನು ಯಾರೋ ನಿಘಂಟು ನೋಡಿ ಚಾಕ್ ಸ್ಟೋನ್ ಎಂದು ಇಂಗ್ಲಿಷಿಗೆ ತಿರುಗಿಸಿ ಮೇಲಿನ ಆಫೀಸಿಗೆ ಕಳಿಸಿದ್ದರು. ಅಲ್ಲಿಂದ ಪ್ರಶ್ನೆ ಬಂತು: ಚಾಕ್‌ಪೀಸ್ ತಯಾರಿಕೆಯ ಘಟಕವಾದರೆ ಅಚ್ಚುಗಳ ಕೊಟೇಶನ್ ಎಲ್ಲಿ? ಅದಕ್ಕೆ ಉತ್ತರವಾಗಿ ಸೋಪ್‌ಸ್ಟೋನ್ ಎಂದು ತಿದ್ದಿ ಕಳಿಸಿದರೆ ಇನ್ನೊಂದು ಪ್ರಶ್ನೆ: ಸಾಬೂನು ತಯಾರಿಕೆಗೆ ಪರವಾನಗಿ ಇದೆಯೇ?

ಈಗ ಹೇಳಿದರೆ ನಗು ಬರುತ್ತದೆ. ಆ ಮನುಷ್ಯನಿಗೆ ನಗುವ ಹಾಗಿರಲಿಲ್ಲ. ಆಷಾಢದ ರಥಯಾತ್ರೆಯೇ ಅವನ ವ್ಯಾಪಾರದ ಕಾಲ. ಅದಕ್ಕೆ ತಿಂಗಳುಗಳ ಮೊದಲೇ ಕಲ್ಲು ತಂದು ಕಡೆದು ಇಟ್ಟುಕೊಳ್ಳಬೇಕು. ಕಾಗದ ಹೋಗಿ ಬರುವಷ್ಟರಲ್ಲಿ ಚೈತ್ರ ಮುಗಿದಿತ್ತು. ಅವನು ಮಹಾಜನನ ಹತ್ತಿರ ಬಡ್ಡಿಗೆ ಹಣ ಎತ್ತಿ ಕಲ್ಲು ಕೊಂಡ. ನಾನು ಸ್ಥಳ ಪರಿಶೀಲನೆಗೆ ಹೋದಾಗ ಮಉಸಾ ಎಂದು ಮಾತಾಡಿಸಿದೆ. ಅಲ್ಲಿ ವಯಸ್ಸಾದವರನ್ನು ಹಾಗೆ ಕರೆಯುವುದು ವಾಡಿಕೆ, ನಮ್ಮಲ್ಲಿ ಚಿಕ್ಕಪ್ಪ ಎಂದಂತೆ. ಇದು ಯಾವ ಕಲ್ಲು ಎಂದು ಕೇಳಿದೆ. ಅವನು ಒಂದು ಚೂರು ಎತ್ತಿಕೊಂಡು ಸಿಮೆಂಟಿನ ನೆಲದ ಮೇಲೆ ಒಂದು ಸೊನ್ನೆ ಬರೆದು, “ಏಟಾ ಖೊಡಿ ಪೊಥೊರೊ, ಆಗ್ಯಾಂ” ಎಂದ. ಇದು ಖಡಿ ಕಲ್ಲು ಸ್ವಾಮೀ, ಎಂದು. ವಿವರಣೆ ಮುಗಿಯಿತು. ಬರೆದು ತೋರಿಸಿದ ಮೇಲೆ ಇನ್ನೇನು ಹೇಳಬೇಕು?

ನನಗೆ ಆ ಕ್ಷಣ ಬಾಯಿಗೆ ಬಂದ ಪದ ಬಳಪ. ಪ್ರಾಥಮಿಕ ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆದು, ಉಗುಳು ಹಚ್ಚಿ ಅಳಿಸಿ, ಮುರಿದ ತುಂಡಿಗಾಗಿ ಜಗಳವಾಡಿದ ಬಳಪ. ಮೂರನೆಯ ಸಲ ಕಾಗದ ಹೋದಾಗ ಅದರಲ್ಲಿ ಸ್ಟಿಯಟೈಟ್, ವಿಗ್ರಹ ಕಡೆಯುವುದಕ್ಕೆ ಎಂದು ಬಿಡಿಸಿ ಬರೆದೆವು, ಮಂಜೂರಾಯಿತು. ಆದರೆ ಮಹಾಜನನ ಬಡ್ಡಿ ಆಗಲೇ ಓಡುತ್ತಿತ್ತು. ನಿಘಂಟಿನ ಅರ್ಥ ಎರಡು ಸಲವೂ ಸರಿಯಾಗಿಯೇ ಇತ್ತು. ಖಡಿ ಎಂದರೆ ಚಾಕ್ ಹೌದು. ಆ ಕಲ್ಲು ಸೋಪ್‌ಸ್ಟೋನ್ ಹೌದು. ಆದರೂ ಆ ಎರಡು ಪದಗಳ ನಡುವೆ ಒಬ್ಬ ಶಿಲ್ಪಿಯ ಒಂದು ಹಂಗಾಮು ಹೋಯಿತು.

ಕಾರಣ ಇಷ್ಟೆ. ಇಂಗ್ಲಿಷಿನಲ್ಲಿ ಚಾಕ್ ಒಂದು ವಸ್ತುವಿನ ಹೆಸರು. ಅದು ಸುಣ್ಣದ ಕಲ್ಲಿನ ಜಾತಿ. ಸುಣ್ಣ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದು ಬಂದದ್ದು. ಟಾಲ್ಕಿಗೂ ಅದಕ್ಕೂ ಸಂಬಂಧವಿಲ್ಲ. ಒಡಿಯಾದಲ್ಲಿ ಖಡಿ ಒಂದು ಕೆಲಸದ ಹೆಸರು. ಬಿಳಿಯಾಗಿ ಬರೆಯುವುದೆಲ್ಲ ಖಡಿಯೇ, ಅದು ಸುಣ್ಣದ್ದಾಗಲಿ, ಟಾಲ್ಕಿನದಾಗಲಿ, ಈಗ ಅಂಗಡಿಯಲ್ಲಿ ಸಿಗುವ ಜಿಪ್ಸಮ್ಮಿನ ಚಾಕ್‌ಪೀಸ್ ಆಗಲಿ. ಕನ್ನಡದಲ್ಲಿ ನಾವು ಇಲ್ಲೊಂದು ಜಾಣತನ ಮಾಡಿದ್ದೇವೆ. ನಮ್ಮದಾದ ಕಲ್ಲಿಗೆ ಬಳಪ ಎಂಬ ಹೆಸರನ್ನು ಉಳಿಸಿಕೊಂಡು, ಹೊರಗಿನಿಂದ ಬಂದ ಚಾಕಿಗೆ ಸೀಮೆಸುಣ್ಣ ಎಂದೆವು. ಸೀಮೆಎಣ್ಣೆಯಂತೆ ಇದೂ ಪರದೇಶದ್ದು ಎಂದು ಹೆಸರೇ ಹೇಳುತ್ತದೆ, ಸುಣ್ಣದ ಜಾತಿಯದು ಎಂದೂ ಹೇಳುತ್ತದೆ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳೆಂದು ಸಾರಿ ಅವುಗಳ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ಆ ಪಟ್ಟಿಯಲ್ಲಿ ಚಾಕ್ ಒಂದು ಬಾಬು. ಸ್ಟಿಯಟೈಟ್, ಟಾಲ್ಕ್, ಸೋಪ್‌ಸ್ಟೋನ್ ಮೂರೂ ಸೇರಿ ಇನ್ನೊಂದು ಬಾಬು. ಕನ್ನಡಕ್ಕೆ ಅನುವಾದಿಸುವವನಿಗೆ ಸೀಮೆಸುಣ್ಣ, ಬಳಪದ ಕಲ್ಲು ಎಂಬ ಎರಡು ಪದ ಸಿದ್ಧವಾಗಿವೆ. ಒಡಿಯಾದವನಿಗೆ ಎರಡು ಕಡೆಯೂ ಖಡಿಯೇ ಬಾಯಿಗೆ ಬರುತ್ತದೆ.

ಬಳಪ ಸಂಸ್ಕೃತದಿಂದ ಬಂದದ್ದಲ್ಲ. ತೆಲುಗಿನಲ್ಲಿ ಬಲಪಮು ಎಂಬ ರೂಪವಿದೆ. ಖಡಿಯೋ ಸಂಸ್ಕೃತದ ಮನೆಯದು. ಬೇರೆ ಬೇರೆ ಕುಲದ ಭಾಷೆಗಳು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಕಲ್ಲನ್ನು ಇಬ್ಬರೂ ನೋಡಿದ್ದು ಬರೆಯುವವನ ಕಣ್ಣಿನಿಂದ. ಹದಿನೈದನೆಯ ಶತಮಾನದ ನಮ್ಮ ಕುಮಾರವ್ಯಾಸ ಕಾವ್ಯದ ಆರಂಭದಲ್ಲಿ ತನ್ನ ಹೆಚ್ಚುಗಾರಿಕೆಗಳನ್ನು ಹೇಳುವಾಗ, ಹಲಗೆ ಬಳಪ ಮುಟ್ಟದೆಯೇ ಕಾವ್ಯ ಕಟ್ಟಿದೆ ಎಂಬ ಅರ್ಥದ ಮಾತಾಡುತ್ತಾನೆ. ಉಳಿದ ಕವಿಗಳು ಮೊದಲು ಹಲಗೆಯ ಮೇಲೆ ಬಳಪದಲ್ಲಿ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಇಳಿಸುತ್ತಿದ್ದರು ಎನ್ನುವುದು ಇದರಿಂದ ತಿಳಿಯುತ್ತದೆ. ಅದೇ ಶತಮಾನದಲ್ಲಿ ಗಜಪತಿ ಕಪಿಲೇಂದ್ರದೇವನ ಕಾಲಕ್ಕೆ ಒಡಿಶಾದಲ್ಲಿ ಸಾರಳಾ ದಾಸ ಒಡಿಯಾ ಮಹಾಭಾರತ ಬರೆದ. ಅವನು ತಾನು ಶಾಸ್ತ್ರ ಓದಿದ ಪಂಡಿತನಲ್ಲ, ಸಾರಳಾ ದೇವಿಯ ಕೃಪೆಯಿಂದ ಬರೆದೆ ಎಂದ. ಇವನು ಗದುಗಿನ ವೀರನಾರಾಯಣನನ್ನೇ ಕವಿ ಎಂದ. ಒಂದೇ ಕಾಲದಲ್ಲಿ ಎರಡು ನಾಡುಗಳಿಗೆ ಎರಡು ಭಾರತ. ಎರಡರಲ್ಲೂ ಬರೆಸಿದವರು ದೇವರು.

ನನ್ನಂಥ ಲೆಕ್ಕದವನಿಗೆ ಇನ್ನೂ ಹತ್ತಿರವಾದದ್ದು ಕಡತ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿದರೆ ಕಪ್ಪು ಹಾಳೆಗಳ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅಂಗಡಿಕಾರರು, ಶಾನುಭೋಗರು ಇದನ್ನು ಬಳಸಿದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನೂ ಬಳಪವನ್ನೂ ಅವೇ ಹೆಸರಿನಿಂದ ವರ್ಣಿಸಿದ್ದಾನೆ. ಆತ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೂ ಬಳಪ ಎಂಬ ಪದವನ್ನು ಬಿಡಲಿಲ್ಲ. ಪುರಿಯ ಆ ಶಿಲ್ಪಿಯ ಕಾಗದವನ್ನು ನೋಡಿದವರಿಗೆ ಆ ವಿವೇಕ ಇರಲಿಲ್ಲ.

ಬರವಣಿಗೆಗೂ ಈ ಕಲ್ಲಿಗೂ ನಂಟು ಇನ್ನೂ ಹಳೆಯದು. ಹರಪ್ಪ, ಮೊಹೆಂಜೊದಾರೊಗಳಲ್ಲಿ ಸಿಕ್ಕ ಮುದ್ರೆಗಳಲ್ಲಿ ಹೆಚ್ಚಿನವು ಸ್ಟಿಯಟೈಟ್‌ನವು. ಮೆತ್ತಗಿರುವಾಗ ಗೂಳಿಯ ಚಿತ್ರ, ಇಂದಿಗೂ ಯಾರೂ ಒಪ್ಪುವಂತೆ ಓದಲಾಗದ ಲಿಪಿ ಇವನ್ನು ಕೊರೆದು, ಆಮೇಲೆ ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡುತ್ತಿದ್ದರು. ವ್ಯಾಪಾರದ ಸರಕಿನ ಮೇಲೆ ಒತ್ತುವ ಸೀಲು ಅದು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈ ಉಪಖಂಡದ ಮೊದಲ ಲಿಪಿ ಮೂಡಿದ್ದು ಹೆಚ್ಚಾಗಿ ಈ ಕಲ್ಲಿನ ಮೇಲೆ. ಒಡಿಶಾದ ಲಲಿತಗಿರಿಯ ಬೌದ್ಧ ಸ್ತೂಪದಲ್ಲಿ 1985ರಲ್ಲಿ ಶುರುವಾದ ಉತ್ಖನನದಲ್ಲಿ ಧಾತು ಕರಂಡಕಗಳು ಸಿಕ್ಕಿದವು. ಹೊರಗೆ ಖೊಂಡಲೈಟ್ ಕಲ್ಲಿನ ಕರಂಡಕ, ಅದರೊಳಗೆ ಸ್ಟಿಯಟೈಟ್, ಅದರೊಳಗೆ ಬೆಳ್ಳಿ, ಅದರೊಳಗೆ ಚಿನ್ನ. ಬೆಳ್ಳಿ ಬಂಗಾರಕ್ಕೆ ಮೈ ತಾಗುವ ಜಾಗದಲ್ಲಿ ಇಟ್ಟದ್ದು ಈ ಮೆತ್ತನೆಯ ಕಲ್ಲನ್ನು.

ಖೊಂಡಲೈಟ್ ಎಂಬ ಹೆಸರೂ ಇಂಗ್ಲಿಷರು ಕೊಟ್ಟದ್ದೇ. ಒಡಿಶಾದ ಬೆಟ್ಟಗಳಲ್ಲಿರುವ ಕಂಧ ಬುಡಕಟ್ಟಿನವರನ್ನು ಅವರು ಖೊಂಡ್ ಎನ್ನುತ್ತಿದ್ದರು. 1902ರಲ್ಲಿ ವಾಕರ್ ಎಂಬ ಭೂವಿಜ್ಞಾನಿ ಆ ಜನರ ಹೆಸರನ್ನು ಅವರ ಬೆಟ್ಟದ ಕಲ್ಲಿಗೆ ಇಟ್ಟ. ಕೋಣಾರ್ಕದ ದೇವಾಲಯದ ಬಹುಭಾಗ ಈ ಕಲ್ಲಿನದು. ಬಾಗಿಲುವಾಡ, ಸೂರ್ಯನ ಮೂರ್ತಿಗಳು ಮಾತ್ರ ಕ್ಲೋರೈಟ್‌ನವು. ಹಸಿರು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು, ಟಾಲ್ಕಿನ ಹತ್ತಿರದ ನೆಂಟ. ಕಡಲ ಗಾಳಿಗೆ ಖೊಂಡಲೈಟ್ ಸವೆಯಿತು, ಕ್ಲೋರೈಟಿನ ಕೆತ್ತನೆ ಇವತ್ತಿಗೂ ಚೂಪಾಗಿದೆ. ನಮ್ಮ ಬೇಲೂರು, ಹಳೇಬೀಡಿನ ಬಳಪದ ಕಲ್ಲಿನಲ್ಲೂ ಕ್ಲೋರೈಟ್ ಇದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಎಂದು ಶಿಲ್ಪಿಗಳು ಹೇಳುವ ಕಲ್ಲು.

ಎರಡು ನಾಡಿನ ದೇವಾಲಯಗಳಿಗೂ ಅಪ್ಪ ಮಗ ಶಿಲ್ಪಿಗಳ ಕಥೆಯಿದೆ. ನಮ್ಮಲ್ಲಿ ಜಕಣಾಚಾರಿ, ಡಂಕಣ. ಅಲ್ಲಿ ಬಿಶು ಮಹಾರಣಾ ಮತ್ತು ಹನ್ನೆರಡು ವರ್ಷದ ಅವನ ಮಗ ಧರ್ಮಪದ. ನಮ್ಮ ಕಥೆಯಲ್ಲಿ ಅಪ್ಪ ತನ್ನ ಕೈ ಕಡಿದುಕೊಳ್ಳುತ್ತಾನೆ. ಅವರ ಕಥೆಯಲ್ಲಿ 1200 ಶಿಲ್ಪಿಗಳಿಗೆ ಆಗದ ಕೆಲಸವನ್ನು ಮುಗಿಸಿದ ಮಗ, ಅವರ ಮಾನ ಮತ್ತು ಜೀವ ಉಳಿಸಲು ಸಮುದ್ರಕ್ಕೆ ಹಾರುತ್ತಾನೆ. ಇವೆರಡೂ ಕಥೆಗಳು. ಆದರೆ ಬೇಲೂರಿನಲ್ಲಿ ಕಥೆಯ ಜೊತೆಗೆ ಸಹಿಯೂ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಬರೆಯುವ ಕಲ್ಲಿನಲ್ಲೇ ಕಡೆದವರು ಬರೆದೂ ಹೋದರು.

ಖಡಿ ಕೈಯಲ್ಲಿದ್ದರೆ ಸಾಲದು, ಅದರಲ್ಲಿ ಯಾವ ಅಕ್ಷರ ಬರೆಯುತ್ತೇವೆ ಎಂಬ ಪ್ರಶ್ನೆಯೂ ಒಮ್ಮೆ ಎದ್ದಿತ್ತು. 1870ರಲ್ಲಿ ಬಾಲೇಶ್ವರದಲ್ಲಿ ಶಾಲಾ ಪಂಡಿತರಾಗಿದ್ದ ಕಾಂತಿಚಂದ್ರ ಭಟ್ಟಾಚಾರ್ಯ ಎಂಬವರು ಒಡಿಯಾ ಸ್ವತಂತ್ರ ಭಾಷೆಯೇ ಅಲ್ಲ ಎಂದು ಬಂಗಾಳಿಯಲ್ಲಿ ಒಂದು ಪುಸ್ತಿಕೆ ಬರೆದರು. ಅದು ನಿಂತಿದ್ದರೆ ಒಡಿಶಾದ ಶಾಲೆಗಳಲ್ಲಿ ಬಂಗಾಳಿಯೇ ಕಲಿಕೆಯ ಭಾಷೆಯಾಗುತ್ತಿತ್ತು. ಫಕೀರಮೋಹನ, ಕಟಕ್‌ನಲ್ಲಿ ಉತ್ಕಲ ದೀಪಿಕಾ ಪತ್ರಿಕೆ ನಡೆಸುತ್ತಿದ್ದ ಗೌರೀಶಂಕರ ರಾಯ್, ಬಾಲೇಶ್ವರದ ಕಲೆಕ್ಟರ್ ಜಾನ್ ಬೀಮ್ಸ್ ಮುಂತಾದವರು ವಾದ ಹೂಡಿ ಒಡಿಯಾವನ್ನು ಉಳಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ನಡುವೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿಯುತ್ತಿದ್ದರು. ಒಡಿಯಾದವರಿಗೆ 1936ರ ಏಪ್ರಿಲ್ 1ರಂದು ತಮ್ಮದೇ ಪ್ರಾಂತ ಸಿಕ್ಕಿತು. ನಮಗೆ 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಒಡಿಯಾದವರ ಹಟ, ಅಭಿಮಾನ ಕನ್ನಡಿಗನಿಗೆ ಬೇಗ ಅರ್ಥವಾಗುವುದಕ್ಕೆ ಇದೂ ಒಂದು ಕಾರಣ. ಪುರಿಯ ಗಜಪತಿ ಅರಸರ ಬಿರುದಾವಳಿಯಲ್ಲಿ ಇಂದಿಗೂ ನವಕೋಟಿ ಕರ್ಣಾಟ ಎಂಬ ಮಾತಿದೆ. ಅದು ಯುದ್ಧದ ಕಾಲದ ನಂಟು. ಖಡಿ ಬಳಪಗಳದು ಶಾಲೆಯ ಕಾಲದ ನಂಟು, ನನಗೆ ಇದೇ ಹೆಚ್ಚು ಗಟ್ಟಿ ಎನಿಸುತ್ತದೆ.

ಪರರಾಜ್ಯಕ್ಕೆ ವರ್ಗವಾಗಿ ಹೋಗುವ ಹುಡುಗರು ನನ್ನನ್ನು ಭೇಟಿಯಾದಾಗ ಹಿಂದಿ ಸಾಕಲ್ಲ ಸಾರ್ ಎಂದು ಕೇಳುತ್ತಾರೆ. ಕೌಂಟರಿನ ಮಾತಿಗೆ ಸಾಕು. ಆದರೆ ಒಬ್ಬ ಕುಶಲಕರ್ಮಿ ತನ್ನ ಕಲ್ಲನ್ನು, ಮರವನ್ನು, ನೂಲನ್ನು ಏನೆಂದು ಕರೆಯುತ್ತಾನೋ ಅದನ್ನು ಅವನ ಮಾತಿನಲ್ಲೇ ಒಮ್ಮೆ ಬರೆದುಕೊಂಡು, ಏನು ಕೆಲಸಕ್ಕೆ ಎಂದು ಕೇಳಿಕೊಂಡು, ಆಮೇಲೆ ಇಂಗ್ಲಿಷಿನ ಪದ ಹುಡುಕುವುದು ಒಳ್ಳೆಯದು. ಎರಡೂ ಹೆಸರು ಅರ್ಜಿಯಲ್ಲಿರಲಿ. ಕಾಲಂನಲ್ಲಿ ಜಾಗ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ, ಅಂಚು ಇರುವುದೇ ಅದಕ್ಕೆ. ಅದಕ್ಕೆ ಎರಡು ನಿಮಿಷ ಸಾಕು. ಅದನ್ನು ಬಿಟ್ಟರೆ ಇನ್ನೊಬ್ಬನ ರಥಯಾತ್ರೆಯ ಹಂಗಾಮು ಹೋಗಬಹುದು.

ನಮ್ಮ ಮಕ್ಕಳ ಕೈಯಲ್ಲಿ ಈಗ ಬಳಪ ಕಾಣುವುದು ಅಪರೂಪ. ಬೇಲೂರಿಗೆ ಕರೆದುಕೊಂಡು ಹೋದ ಮಗುವಿಗೆ ಗೈಡು ಇದು ಸೋಪ್‌ಸ್ಟೋನ್ ಎಂದೇ ಹೇಳುತ್ತಾನೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಕೋಣಾರ್ಕ 1984ರಲ್ಲೇ ಸೇರಿದೆ. ಹೊರಗಿನಿಂದ ಬರುವವರಿಗೆ ಸೋಪ್‌ಸ್ಟೋನ್ ಎಂದು ಹೇಳಲಿ, ತಪ್ಪಿಲ್ಲ. ಆದರೆ ಕನ್ನಡದ ಮಗುವಿಗೆ ಇದು ಬಳಪದ ಕಲ್ಲು ಎಂದು ಹೇಳಿ, ಒಂದು ಬಳಪದ ಚೂರನ್ನು ಅದರ ಕೈಗೆ ಕೊಟ್ಟು, ಒಂದು ಗೆರೆ ಎಳೆಯಲು ಬಿಡಿ. ಒಡಿಶಾದಲ್ಲಿ ಪ್ರತಿ ವಸಂತ ಪಂಚಮಿಗೂ ಸಾವಿರಾರು ಮಕ್ಕಳ ಕೈಗೆ ಖಡಿ ಬರುತ್ತಲೇ ಇದೆ. ಇಂದು ಅವರಿಗೆ ಸಿಗುವ ಖಡಿ ಅಂಗಡಿಯ ಜಿಪ್ಸಮ್ಮಿನ ತುಂಡೇ ಇರಬಹುದು. ಹೆಸರು ಮಾತ್ರ ಹಳೆಯದೇ.